ಟಾಪು ತೆಗೆದ ಜೀಪಿನ ವಿಚಾರ

ರೊಳ್ಳ, ಮಡಕಶಿರಾ ತಾಲ್ಲೂಕು
ಜನವರಿ 2025

ಪ್ರೀತಿಯ ಅಕ್ಕ,

ಯಾರ ಮಂಡಿನೋವು ಹೇಗಿದೆ, ಯಾರ ಮದುವೆ ಎಲ್ಲಿಗೆ ಬಂತು ಎಂಬುದನ್ನೆಲ್ಲ ಅತ್ತೆ ಫೋನಿನಲ್ಲಿ ಹೇಳಿಯೇ ಇರುತ್ತಾರೆ. ನಾನು ಬರೆಯಹೊರಟಿರುವುದು ಗಾಡಿಯ ವಿಚಾರ. ಭಾವನಿಗೆ ಓದಿ ಹೇಳು. ನಿನಗೆ ಬೇಸರವಾದರೆ ಹೇಮಾವತಿ ಬರುವ ಕಡೆಯಿಂದ ಓದಿಕೋ.

ಮಾವನ ಮಗ ತನ್ನ ಥಾರ್ ಜೀಪನ್ನು ನನ್ನ ಕೈಗೆ ಕೊಟ್ಟುಬಿಟ್ಟಿದ್ದಾನೆ. ಇಲ್ಲಿ ಸಾಲ ಮಾಡಿದರೆ ಬೋರ್‌ವೆಲ್ಲಿಗೆ, ಟ್ರ್ಯಾಕ್ಟರಿಗೆ. ಇವನು ಅಡಿಕೆಗೆ ಒಳ್ಳೆ ರೇಟು ಸಿಕ್ಕ ವರ್ಷ ಮನೆಯಲ್ಲಿ ಯಾರ ಮಾತೂ ಕೇಳದೆ ಇದನ್ನು ತಂದ. ಮಹೀಂದ್ರಾದವರು 2020ರ ಅಕ್ಟೋಬರಿನಲ್ಲಿ ಬಿಟ್ಟ ಹೊಸ ಮಾದರಿ, ಡೀಸೆಲ್ಲು, ಬಿಚ್ಚಿ ಮಡಚುವ ಬಟ್ಟೆಯ ಟಾಪಿನದು.

ಡೀಸೆಲ್ ಕನ್ವರ್ಟಿಬಲ್ ಎಂದರೆ ನಾನು ಎಷ್ಟು ಮೂಗು ಮುರಿಯುತ್ತಿದ್ದೆ ಎನ್ನುವುದು ಭಾವನಿಗೆ ಗೊತ್ತು. ಆಡಿಯವರು 2008ರಲ್ಲಿ ಟಿಟಿ ರೋಡ್‌ಸ್ಟರಿಗೂ ಡೀಸೆಲ್ ಎಂಜಿನ್ ಕೂರಿಸಿದ್ದರಲ್ಲ, ಅದರ ಮೇಲೆ ನಮ್ಮಿಬ್ಬರಿಗೆ ಒಂದು ಇಡೀ ಊಟದ ಹೊತ್ತು ಜಗಳವಾಗಿತ್ತು. ಟಾಪು ತೆಗೆಯುವುದೇ ಎಂಜಿನ್ನಿನ ದನಿ ಕೇಳಲಿಕ್ಕೆ, ಕೇಳುವುದು ಬರೀ ಲಟಲಟ ಆದರೆ ಯಾಕೆ ತೆಗೆಯಬೇಕು ಎಂಬುದು ನನ್ನ ವಾದ. ದನಿಯ ಮಟ್ಟಿಗೆ ಈಗಲೂ ಅದೇ ವಾದ. ಬೆಳಿಗ್ಗೆ ಇದನ್ನು ಸ್ಟಾರ್ಟ್ ಮಾಡಿದರೆ ಅಂಗಳದಲ್ಲಿ ಮಾತಾಡುತ್ತಿದ್ದವರು ದನಿ ಏರಿಸಬೇಕಾಗುತ್ತದೆ.

ಆದರೆ ಲೆಕ್ಕ ನೋಡು. ನಿಮ್ಮ ಗ್ಯಾರೇಜಿನಲ್ಲಿ ನಿಂತಿರುವ ನನ್ನ ಮಜ್ದಾ ಎಂಎಕ್ಸ್-5ರದು ಎರಡು ಲೀಟರ್ ಪೆಟ್ರೋಲ್ ಎಂಜಿನ್, 184 ಅಶ್ವಶಕ್ತಿ. ಆ 184 ಸಿಗುವುದು ನಿಮಿಷಕ್ಕೆ 7000 ಸುತ್ತು ತಿರುಗಿದಾಗ. ಎಳೆಯುವ ಬಲ 205 ನ್ಯೂಟನ್ ಮೀಟರ್, ಅದೂ 4000ಕ್ಕೆ ಏರಿದ ಮೇಲೆ. ಥಾರಿನ 2.2 ಲೀಟರ್ ಡೀಸೆಲ್ಲಿಗೆ ಇರುವುದು 130 ಅಶ್ವಶಕ್ತಿ ಮಾತ್ರ, ಆದರೆ ಎಳೆತ 300, 1600 ಸುತ್ತಿಗೇ ಪೂರ್ತಿ ಕೈಗೆ ಬರುತ್ತದೆ. ಶಿರಾದಿಂದ ಅಗಳಿ ಮೇಲೆ ರೊಳ್ಳಕ್ಕೆ ಬರುವ ದಾರಿಯನ್ನು ನೆನೆಸಿಕೋ: ಕುರಿಮಂದೆ, ಹಂಪು, ಎದುರಿಗೆ ಹುಲ್ಲು ಹೇರಿದ ಟ್ರ್ಯಾಕ್ಟರು, ನಡುರಸ್ತೆಯಲ್ಲಿ ನಿಂತು ಮಾತಾಡುವ ಇಬ್ಬರು ಬೈಕಿನವರು. 7000 ಸುತ್ತು ಬಿಡು, 4000ಕ್ಕೆ ಏರಿಸುವ ಜಾಗ ಎಲ್ಲಿದೆ? ಥಾರನ್ನು ಮೂರನೇ ಗೇರಿಗೆ ಹಾಕಿ ಕಾಲು ಹಗುರ ಮಾಡಿದರೆ ಇದೆಲ್ಲದರ ನಡುವೆ ಬೇಸರವಿಲ್ಲದೆ ಬರುತ್ತದೆ.

ಓಡಿಸುವ ಸುಖ ಮಾತ್ರ ಬೇರೆ ಮಾತು. ಮಜ್ದಾದ ಗೇರು ಬೀಳುವುದು ಮಣಿಕಟ್ಟಿನ ಅಲ್ಲಾಟದಲ್ಲಿ, ಇಲ್ಲಿ ಮೊಣಕೈಯೂ ಸೇರಬೇಕು. ಅದು ತಿರುವಿನಲ್ಲಿ ನಾನು ನೋಡಿದ ಕಡೆಗೇ ಹೊರಳುತ್ತದೆ. ಇದು ಎತ್ತರದ ಗಾಡಿ, ಮೊದಲು ಮೈ ವಾಲಿಸಿ ಆಮೇಲೆ ತಿರುಗುತ್ತದೆ. ಹಾಗಾಗಿ ಚಾಲಕನ ಗಾಡಿ ಯಾವುದು ಎಂದು ಭಾವ ಕೇಳಿದರೆ ಉತ್ತರ ಬದಲಾಗಿಲ್ಲ ಎಂದು ಹೇಳು.

ಟಾಪಿನ ವಿಚಾರದಲ್ಲೂ ಮಜ್ದಾಗೇ ನನ್ನ ಓಟು. ಅಲ್ಲಿ ಸಿಗ್ನಲ್ ಕೆಂಪಿರುವಾಗ ಕೊಂಡಿ ಬಿಚ್ಚಿ ಒಂದೇ ಕೈಯಲ್ಲಿ ಹಿಂದಕ್ಕೆ ತಳ್ಳಿದರೆ, ಹಸಿರು ಬರುವುದರೊಳಗೆ ಆಕಾಶ. ಇಲ್ಲಿ ಮೊದಲು ಪಕ್ಕದ ಮತ್ತು ಹಿಂದಿನ ಪ್ಲಾಸ್ಟಿಕ್ ಕಿಟಕಿಗಳ ಜಿಪ್ಪು ಎಳೆದು ತೆಗೆಯಬೇಕು, ಅವು ಗೀಚಿಹೋಗದಂತೆ ಹಳೇ ಪಂಚೆಯಲ್ಲಿ ಸುತ್ತಿಡಬೇಕು, ಮುಂದಿನ ಕೊಂಡಿ ಬಿಡಿಸಬೇಕು, ಆಮೇಲೆ ಇಬ್ಬರು ಸೇರಿ ಮಡಚಬೇಕು. ಹೀಗಾಗಿ ಒಮ್ಮೆ ತೆಗೆದದ್ದನ್ನು ಯಾರೂ ಮತ್ತೆ ಹಾಕಲು ಹೋಗುವುದಿಲ್ಲ. ಹಾಕುವ ಅವಸರವಾದರೂ ಏನಿದೆ? ದೇಶದಲ್ಲೇ ಮಳೆ ಕಡಿಮೆ ಬೀಳುವ ಸೀಮೆಗಳಲ್ಲಿ ಇದೊಂದು. ಸದಾ ಜಿನುಗುವ ಇಂಗ್ಲೆಂಡಿನಲ್ಲಿ ಬೀದಿಗೊಂದು ಟಾಪಿಲ್ಲದ ಕಾರು, ಮಳೆಗೆ ಬಾಯಿ ಬಿಟ್ಟು ಕೂತಿರುವ ಅನಂತಪುರದ ಕಡೆ ಇದೊಂದೇ! ಕಾರಣವೇನೋ ಸರಳ: ಅವರಿಗೆ ಬಿಸಿಲಿನ ಹಸಿವು, ನಮಗೆ ಬಿಸಿಲು ಅಜೀರ್ಣ. ಹತ್ತು ಗಂಟೆಯ ಮೇಲೆ ಬರಿದಲೆಯಲ್ಲಿ ಹೊರಟರೆ ಅತ್ತೆ ಗೇಟಿಗೆ ಅಡ್ಡ ನಿಲ್ಲುತ್ತಾರೆ. ಅದಕ್ಕೇ ಹೊತ್ತು ಹುಟ್ಟುವಾಗ ಹೊರಡುತ್ತೇನೆ, ಮಾವನ ಮಫ್ಲರ್ ಕಿವಿಗೆ ಬಿಗಿದುಕೊಂಡು.

ಹಾಗೆ ಹೊರಟ ಒಂದು ಬೆಳಿಗ್ಗೆ ಊರಾಚೆ ರಸ್ತೆಯ ಉದ್ದಕ್ಕೂ ಹುರುಳಿ ಹರಡಿದ್ದರು. ಈ ಒಕ್ಕಣೆ ನೀನೂ ನೋಡಿದ್ದೀಯ. ಬೈಕಿನವರು ಜಾರಿ ಬೀಳುತ್ತಾರೆ, ಬೇಡ ಎಂದು ಪೊಲೀಸರು ಹೇಳುತ್ತಲೇ ಇರುತ್ತಾರೆ, ನಡೆಯುತ್ತಲೇ ಇದೆ. ಮಜ್ದಾ ಆಗಿದ್ದರೆ ಅಲ್ಲಿಂದಲೇ ವಾಪಸ್ಸು. ಅದರ ಹೊಟ್ಟೆ ನೆಲಕ್ಕೆ ಅಷ್ಟು ಹತ್ತಿರ. ಒಣಬಳ್ಳಿ ಬಿಸಿ ಸೈಲೆನ್ಸರಿಗೆ ಸುತ್ತಿಕೊಂಡರೆ ಬೆಂಕಿಯೇ ಗತಿ. ಥಾರ್ ನೆಲದಿಂದ 226 ಮಿಲಿಮೀಟರ್ ಎತ್ತರ. ಒಂದನೇ ಗೇರಿನಲ್ಲಿ ಕ್ಲಚ್ಚು ಬಿಟ್ಟು ಎರಡೂ ಕಾಲು ತೆಗೆದೆ. ಡೀಸೆಲ್ಲಿನ ಗುಣವೇ ಅದು, ಆಕ್ಸಿಲರೇಟರ್ ಮುಟ್ಟದಿದ್ದರೂ ತಾನಾಗಿ ನಡೆಯುತ್ತದೆ. ಚಕ್ರದಡಿ ಕಾಯಿ ಒಡೆಯುವ ಚಟಪಟ ಸದ್ದು ಆ ಲಟಲಟದ ನಡುವೆಯೂ ಕಿವಿಗೆ ಬೀಳುತ್ತಿತ್ತು. ದಾಟಿದೆ ಎನ್ನುವಷ್ಟರಲ್ಲಿ ಪೊರಕೆ ಹಿಡಿದಿದ್ದ ಮುದುಕಿ ಕೈ ಅಡ್ಡ ಹಾಕಿ, "ಇನ್ನೊಂದ್ ಕಿತ ಹಿಂದುಕ್ಕೋಗಿ ಬಾರಪ್ಪ, ಈ ಮಗ್ಗುಲು ಹಂಗೇ ಉಳ್ಕಂಡೈತೆ" ಎಂದಳು. ಹೋದೆ, ಬಂದೆ. ಆಕೆಗೆ ಸಮಾಧಾನವಾಗುವವರೆಗೂ ಹೋಗಿ ಬಂದೆ. ಅಷ್ಟರಲ್ಲಿ ನಾನು ಯಾರ ಮೊಮ್ಮಗ, ಅಮ್ಮ ಯಾವ ವರ್ಷ ಇಲ್ಲಿಂದ ಹೋದಳು, ನನಗೆ ಮಕ್ಕಳೆಷ್ಟು, ಎಲ್ಲ ತಿಳಿದುಕೊಂಡಳು. ಟಾಪು ಇಲ್ಲ, ಕಿಟಕಿ ಇಲ್ಲ, ಸೀಟು ನಿಂತವರ ಮುಖದ ಎತ್ತರಕ್ಕಿದೆ. ಯಾರು ಬೇಕಾದರೂ ಮಾತಾಡಿಸಬಹುದು. ಮಜ್ದಾದಲ್ಲಿ ಕೂತರೆ ನನ್ನ ಕಿವಿ ಲಾರಿಯ ಚಕ್ರದ ಮಟ್ಟಕ್ಕೆ. ಅಷ್ಟು ವರ್ಷದಲ್ಲಿ ರಸ್ತೆಯ ಮೇಲೆ ನನ್ನನ್ನು ಮಾತಾಡಿಸಿದವರು ಯಾರೂ ನೆನಪಿಗೆ ಬರುತ್ತಿಲ್ಲ.

ಹೇಮಾವತಿಗೂ ಇದರಲ್ಲೇ ಹೋಗಿಬಂದೆ, ಗುಡಿಬಂಡೆ ದಾಟಿ. (ಭಾವನಿಗೆ ಹೇಳು, ಚಿಕ್ಕಬಳ್ಳಾಪುರದ ಗುಡಿಬಂಡೆಯಲ್ಲ.) ಶಾಸನಗಳ ಹೆಂಜೇರು, ನೊಳಂಬರ ರಾಜಧಾನಿ. ಸಿದ್ಧೇಶ್ವರ ಗುಡಿಯಲ್ಲಿ ಲಿಂಗವಿಲ್ಲ, ಮನುಷ್ಯರೂಪದಲ್ಲಿ ಕೂತ ಶಿವ. ಅಜ್ಜಿಯ ಜೊತೆ ಬಂದಾಗ ನೀನು ಹೆದರಿ ಅತ್ತಿದ್ದೆಯಂತೆ. ದೊಡ್ಡೇಶ್ವರದ ಕರಿಕಲ್ಲಿನ ನುಣುಪಿನ ಮೇಲೆ ಕೈಯಾಡಿಸಿದೆ. ನೊಳಂಬರ ಕಂಬಗಳನ್ನು ಚೋಳರು ಗೆದ್ದು ಕಾವೇರಿ ದಡದ ತಿರುವೈಯಾರಿಗೆ ಒಯ್ದರು, ಅಲ್ಲಿನ ಗುಡಿಯಲ್ಲಿ ಇವತ್ತಿಗೂ ಇವೆ. ಗಾಡಿಯ ಹುಚ್ಚಿನವನ ತಲೆಗೆ ಬೇರೇನು ಬರುತ್ತದೆ? ಅಷ್ಟು ಭಾರಕ್ಕೆ ಎಷ್ಟು ಜೊತೆ ಎತ್ತು ಕಟ್ಟಿದ್ದರೋ, ಎಷ್ಟು ಕಡೆ ಅಚ್ಚು ಮುರಿಯಿತೋ ಎಂದೇ ಯೋಚಿಸುತ್ತಾ ಬಂದೆ.

ಗಡಿಯ ಲೆಕ್ಕವೂ ಒಂದಿದೆ. ಆಂಧ್ರದಲ್ಲಿ ಡೀಸೆಲ್ ದುಬಾರಿ, ಕರ್ನಾಟಕದಲ್ಲಿ ಅಗ್ಗ. ಹಾಗಾಗಿ "ಭಾವ, ಶಿರಾ ಕಡೆ ಹೋದ್ರೆ ಟ್ಯಾಂಕ್ ತುಂಬಿಸ್ಕಂಡೇ ಬಾ" ಎಂದು ಮಾವನ ಮಗ ಕೀ ಕೊಡುವಾಗಲೇ ನನಗೆ ಹೇಳಿದ್ದ. 57 ಲೀಟರಿನ ಟ್ಯಾಂಕು. ನಮ್ಮ ತಾಲ್ಲೂಕಿಗೆ ಮೂರು ಕಡೆ ಕರ್ನಾಟಕವಿರುವುದರಿಂದ ಯಾವ ಕಡೆ ಹೊರಟರೂ ಬಂಕು ಹತ್ತಿರವೇ. 2022ರಲ್ಲಿ ನಾವು ಅನಂತಪುರ ಬಿಟ್ಟು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆವು, ಡೀಸೆಲ್ಲಿಗೆ ಮಾತ್ರ ಶಿರಾವೇ ಜಿಲ್ಲಾಕೇಂದ್ರ.

ರಾತ್ರಿ ಅವನಿಗೆ ಮಜ್ದಾದ ಫೋಟೋ ತೋರಿಸಿದೆ. ಬಣ್ಣ ಹೊಗಳಿದ, ಬೆಲೆ ಕೇಳಿದ, ಇಬ್ಬರೇ ಕೂರುವುದೇ ಎಂದು ಎರಡು ಸಲ ಖಾತರಿ ಮಾಡಿಕೊಂಡ. ಆಮೇಲೆ ಡಿಕ್ಕಿಯಲ್ಲಿ ಎಷ್ಟು ಮೂಟೆ ಹಿಡಿಸುತ್ತದೆ ಎಂದ. 130 ಲೀಟರ್, ಅಂದರೆ ಹೆಚ್ಚೆಂದರೆ ಎರಡು ಕೈಚೀಲ ಎಂದೆ. ಪಾಪ, ಮರ್ಯಾದೆಯಿಂದ ಮಾತು ಬದಲಿಸಿ ಅವರೆಕಾಯಿ ಬಿಡಿಸಲು ಕೂತ.

ಭಾವನಿಗೆ ಒಂದು ಕೆಲಸ: ವಾರಕ್ಕೊಮ್ಮೆ ಮಜ್ದಾವನ್ನು ಒಂದು ಸುತ್ತು ಓಡಿಸಲಿ, ಅಲ್ಲಿನ ಚಳಿಗೆ ಬ್ಯಾಟರಿ ಕೂತುಬಿಡುತ್ತದೆ. ನಿನಗೆ ಹುರುಳಿ ತರುತ್ತಿದ್ದೇನೆ. ನಾನೇ ಒಕ್ಕಿದ್ದು ಎಂದು ಮಕ್ಕಳಿಗೆ ಹೇಳು, ನಂಬುವುದಿಲ್ಲ.

ನಿನ್ನ ತಮ್ಮ