ಬರೋಡಾ ಅರಮನೆಯಿಂದ ಹೊರಟವರು

ಮೈಸೂರಿನವರಿಗೆ ಸಯ್ಯಾಜಿರಾವ್ ರಸ್ತೆ ಅಂದರೆ ದೇವರಾಜ ಮಾರುಕಟ್ಟೆ, ಮೈಸೂರುಪಾಕಿನ ಘಮ, ದಸರೆಯಲ್ಲಿ ಬನ್ನಿಮಂಟಪದತ್ತ ಸಾಗುವ ಜಂಬೂಸವಾರಿ. ಆ ಹೆಸರಿನ ದೊರೆ ಬರೋಡಾದ ಮೂರನೆಯ ಸಯಾಜಿರಾವ್ ಗಾಯಕವಾಡ. ಅವರ ಅರಮನೆಯನ್ನು ಕಣ್ಣಾರೆ ನೋಡಬೇಕೆಂಬುದು ನನ್ನ ಬಹುಕಾಲದ ಆಸೆ. ಡಿಸೆಂಬರ್ ರಜೆಯಲ್ಲಿ ಅಕ್ಕ, ಭಾವನ ಜೊತೆ ಅಹಮದಾಬಾದಿನಿಂದ ಸೂರತ್ತಿಗೆ ಕಾರಿನಲ್ಲಿ ಹೊರಟಾಗ, ನಡುವಿನ ವಡೋದರಾಕ್ಕೆ ಇಡೀ ಒಂದು ದಿನ ಬೇಕೇ ಬೇಕೆಂದು ಹಟ ಹಿಡಿದೆ.

ಲಕ್ಷ್ಮೀ ವಿಲಾಸ ಅರಮನೆಯ ಕೆಲಸ 1878ರಲ್ಲಿ ಶುರುವಾಗಿ 1890ರಲ್ಲಿ ಮುಗಿಯಿತು. ನಕ್ಷೆ ಬರೆದ ಮೇಜರ್ ಚಾರ್ಲ್ಸ್ ಮ್ಯಾಂಟ್ 1881ರಲ್ಲೇ ತೀರಿಕೊಂಡ. ತನ್ನ ಲೆಕ್ಕ ತಪ್ಪಿದೆ, ಕಟ್ಟಡ ಕುಸಿದೇ ಕುಸಿಯುತ್ತದೆ ಎಂಬ ಭಯ ಅವನನ್ನು ತಿಂದುಹಾಕಿತು ಎಂಬ ಮಾತು ಇಂದಿಗೂ ಇದೆ. ಮದರಾಸಿನ ಸೆನೆಟ್ ಹೌಸ್ ಕಟ್ಟಿದ ರಾಬರ್ಟ್ ಚಿಶೋಮ್ ಮುಂದಿನ ಕೆಲಸ ವಹಿಸಿಕೊಂಡ. ಮ್ಯಾಂಟ್ ಹೆದರಿದ ಕಟ್ಟಡ ಇಂದಿಗೂ ಗಟ್ಟಿಯಾಗಿ ನಿಂತಿದೆ. ರಾಜಮನೆತನ ಈಗಲೂ ಅದರ ಒಂದು ಭಾಗದಲ್ಲಿ ವಾಸವಾಗಿದೆ. ಗುಮ್ಮಟ, ಕಮಾನು, ಜರೋಕಾಗಳು ಒಂದರ ಮೇಲೊಂದು ಏರಿದ ಈ ಶೈಲಿ ನಮಗೆ ಹೊಸದೇನಲ್ಲ. 1912ರಲ್ಲಿ ಪೂರ್ಣಗೊಂಡ ಮೈಸೂರಿನ ಅರಮನೆಯೂ ಇದೇ ಕುಲದ್ದು.

ದರ್ಬಾರ್ ಹಾಲಿನಲ್ಲಿ ಮಾತ್ರ ಕಾಲು ತಾನಾಗಿ ನಿಂತಿತು. ನಡುವೆ ಒಂದು ಕಂಬವೂ ಇಲ್ಲದ ದೊಡ್ಡ ಹಜಾರ. ನೆಲಕ್ಕೆ ವೆನಿಸ್ಸಿನಿಂದ ಬಂದ ಕುಶಲಕರ್ಮಿಗಳು ಕೂರಿಸಿದ ಮೊಸಾಯಿಕ್. ಬಗ್ಗಿ ನೋಡಿದರೆ ಉಗುರಿನಷ್ಟೇ ಅಗಲದ ಚೂರುಗಳು, ಎಷ್ಟೋ ಬಣ್ಣದವು. ಬೆಲ್ಜಿಯಂ ಗಾಜಿನ ಕಿಟಕಿಗಳಿಂದ ಇಳಿದ ಕೆಂಪು, ನೀಲಿ ಬೆಳಕು ಅದರ ಮೇಲೆ ಹರಡಿತ್ತು. ಮೇಲೆ ರಾಣೀವಾಸದವರು ಕುಳಿತು ಸಂಗೀತ ಕೇಳುತ್ತಿದ್ದ ಜಾಲರಿಯ ಮೊಗಸಾಲೆ.

ಭಾವ ಹುಬ್ಬಳ್ಳಿಯವರು, ಸಂಗೀತದ ಹುಚ್ಚಿನವರು. ಹಾಲಿನ ನಡುವೆ ನಿಂತು ಮೆಲ್ಲಗೆ ಹೇಳಿದರು: “ಅಬ್ದುಲ್ ಕರೀಂ ಖಾನರು ಈ ಆಸ್ಥಾನ ಬಿಟ್ಟು ನಮ್ಮ ಕಡೆ ಬರಲಿಲ್ಲಂದ್ರ ಕುಂದಗೋಳದ ಸವಾಯಿ ಗಂಧರ್ವರಿಗೆ ಅಂಥಾ ಗುರು ಎಲ್ಲಿ ಸಿಗತಿದ್ರು?” ಅವರು ಹೇಳಿದ್ದು ನಿಜ. ಬರೋಡಾ ಆಸ್ಥಾನದಲ್ಲಿ ಹಾಡುತ್ತಿದ್ದ ಖಾನ್ ಸಾಹೇಬರು ರಾಜಮನೆತನದ ನಂಟಿನ ತಾರಾಬಾಯಿ ಮಾನೆಯವರೊಡನೆ ಊರು ಬಿಟ್ಟರು, ಕೊನೆಗೆ ಮೀರಜಿನಲ್ಲಿ ನೆಲೆಸಿದರು. ಸವಾಯಿ ಗಂಧರ್ವರು ಅವರ ಶಿಷ್ಯರು. ಗಂಗೂಬಾಯಿ ಹಾನಗಲ್ಲರೂ ಭೀಮಸೇನ ಜೋಶಿಯವರೂ ಸವಾಯಿ ಗಂಧರ್ವರ ಶಿಷ್ಯರು. ಖಾನ್ ಸಾಹೇಬರ ಮಗಳು ಹೀರಾಬಾಯಿ ಬಡೋದೇಕರ್ ಹೆಸರಿನಲ್ಲಿ ಬರೋಡಾ ಹಾಗೇ ಉಳಿದುಕೊಂಡಿತು.

ಆವರಣದೊಳಗಿನ ಮಹಾರಾಜಾ ಫತೇಸಿಂಗ್ ವಸ್ತುಸಂಗ್ರಹಾಲಯದಲ್ಲಿ ಅಕ್ಕನ ಸರದಿ. ರವಿವರ್ಮನ ಸರಸ್ವತಿಯ ಮುಂದೆ ಹೋಗುತ್ತಲೇ, “ಇದು ಅಜ್ಜಿ ಮನೆ ಪಡಸಾಲೇಲಿತ್ತಲ್ಲೋ!” ಅಂದಳು. ಸಯಾಜಿರಾಯರು ಕರೆಸಿ ಪುರಾಣದ ಚಿತ್ರಗಳನ್ನು ಬರೆಸಿದ ಕಲಾವಿದ 1894ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯ ಹಾಕಿದ. ಅರಸರ ಗೋಡೆಯ ಮೇಲಿದ್ದ ದೇವತೆಗಳು ಬಡವರ ದೇವರಮನೆಗೂ ಬಂದರು.

ಈ ಅರಮನೆಯ ದೊಡ್ಡಸ್ತಿಕೆ ಇಲ್ಲಿಂದ ಹೊರಗೆ ಹೋದದ್ದರಲ್ಲಿದೆ ಎಂದು ನನಗೆ ಖಾತ್ರಿಯಾದದ್ದು ಆಗ. ನಾಸಿಕ ಜಿಲ್ಲೆಯ ಕವಳಾಣೆ ಎಂಬ ಹಳ್ಳಿಯ ಗೋಪಾಳರಾವ್ ಎಂಬ ಹುಡುಗನನ್ನು 1875ರಲ್ಲಿ ರಾಣಿ ಜಮನಾಬಾಯಿ ದತ್ತು ತೆಗೆದುಕೊಂಡಾಗ ಅವನಿಗೆ ಹನ್ನೆರಡು ವರ್ಷ. ಆ ಹುಡುಗ ಸಯಾಜಿರಾಯರಾಗಿ 1893ರಲ್ಲಿ ಅಮ್ರೇಲಿಯಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣವನ್ನು ಪ್ರಯೋಗ ಮಾಡಿ, 1906ರಲ್ಲಿ ಇಡೀ ಸಂಸ್ಥಾನಕ್ಕೆ ಹಬ್ಬಿಸಿದರು. 1910ರಲ್ಲಿ ಅಮೆರಿಕದಿಂದ ವಿಲಿಯಂ ಬಾರ್ಡನ್ ಅವರನ್ನು ಕರೆಸಿ ಹಳ್ಳಿಹಳ್ಳಿಗೂ ಗ್ರಂಥಾಲಯದ ಜಾಲ ನೆಯ್ದರು; ಪುಸ್ತಕ ತುಂಬಿದ ಪೆಟ್ಟಿಗೆಗಳು ಊರಿಂದೂರಿಗೆ ಹೋಗುತ್ತಿದ್ದವು. 1913ರಲ್ಲಿ ಅವರು ಕೊಟ್ಟ ವಿದ್ಯಾರ್ಥಿವೇತನದಿಂದ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದ ತರುಣ ಭೀಮರಾವ್ ಅಂಬೇಡ್ಕರ್.

ಆ ತರುಣ ಓದಿ, ಒಪ್ಪಂದದಂತೆ ನೌಕರಿಗೆಂದು 1917ರಲ್ಲಿ ಬರೋಡಾಕ್ಕೆ ಮರಳಿದಾಗ ಊರಿನಲ್ಲಿ ಯಾರೂ ಅವರಿಗೆ ಕೋಣೆ ಕೊಡಲಿಲ್ಲ. ಪಾರಸಿ ಹೆಸರಿಟ್ಟುಕೊಂಡು ಒಂದು ಪಾರಸಿ ವಸತಿಗೃಹದಲ್ಲಿ ಉಳಿದರು. ಹನ್ನೊಂದನೆಯ ದಿನ ದೊಣ್ಣೆ ಹಿಡಿದ ಗುಂಪು ಬಂದು ಹೊರಹಾಕಿತು. ಸ್ನೇಹಿತರ ಮನೆಗಳಲ್ಲೂ ಜಾಗ ಸಿಗಲಿಲ್ಲ. ಮುಂಬಯಿಯ ರೈಲಿಗೆ ಕಾಯುತ್ತ ಕಾಮಾಟಿ ಬಾಗ್ ಉದ್ಯಾನದಲ್ಲಿ ತಂದೆತಾಯಿಯನ್ನು ನೆನೆದು ಕುಳಿತದ್ದನ್ನು ಅವರೇ ‘ವೇಟಿಂಗ್ ಫಾರ್ ಎ ವೀಸಾ’ದಲ್ಲಿ ಬರೆದಿದ್ದಾರೆ. ಇಷ್ಟೊಂದು ಕೋಣೆಗಳ ಅರಮನೆಯಿದ್ದ ಊರು ಅದು. ಸಯಾಜಿರಾಯರ ಮೇಲಿನ ನನ್ನ ಗೌರವ ಇದರಿಂದ ಕುಗ್ಗುವುದಿಲ್ಲ. ಆದರೆ ದೊರೆ ಕಾನೂನು ಮಾಡಿದ್ದ, ಶಾಲೆ ತೆರೆದಿದ್ದ ಊರಲ್ಲೇ ಜಾತಿ ಹೀಗೆ ಬಾಗಿಲು ಹಾಕಿಕೊಂಡಿತ್ತೆಂಬುದು ಇಂದಿಗೂ ಸಂಕಟ ಕೊಡುತ್ತದೆ.

ಆ ಉದ್ಯಾನ ಈಗ ಸಯಾಜಿ ಬಾಗ್. ಅಂಬೇಡ್ಕರ್ ಕುಳಿತಿದ್ದರೆನ್ನುವ ಆಲದ ಮರದ ತಾಣವನ್ನು ಜನ ಸಂಕಲ್ಪ ಭೂಮಿ ಎನ್ನುತ್ತಾರೆ. ನಾವು ಅಲ್ಲಿಗೆ ಹೋದಾಗ ಶಾಲೆಯ ಮಕ್ಕಳ ಒಂದು ಗುಂಪು ಕುಳಿತು ಮೇಷ್ಟ್ರ ಮಾತು ಕೇಳುತ್ತಿತ್ತು. ಸಂಜೆಯಾದ ಮೇಲೆ ಸೂರತ್ತಿಗೆ ಹೊರಟೆವು. ಅಲ್ಲಿ ಎಳೆ ಜೋಳದ ಪೋಂಕ್ ತಿನ್ನುತ್ತ ಭಾವ, “ಇದು ನಮ್ಮ ಸೀತನಿ ಅಲ್ಲೇನು!” ಎಂದು ಹಿಗ್ಗಿದರು.

ಗುಜರಾತಿನ ಪ್ರವಾಸಕ್ಕೆ ಹೋಗುವ ಕನ್ನಡಿಗರು ವಡೋದರಾದಲ್ಲಿ ಅರಮನೆ ನೋಡಿ ಹೊರಟುಬಿಡಬೇಡಿ. ಸಯಾಜಿ ಬಾಗ್ ಅದೇ ಊರಿನಲ್ಲಿದೆ. ಮಕ್ಕಳಿಗೆ ಅಂಬೇಡ್ಕರರ ಆ ಕೆಲವು ಪುಟಗಳನ್ನು ಮೊದಲೇ ಓದಿಸಿ, ಎರಡನ್ನೂ ಒಂದೇ ದಿನ ತೋರಿಸಿ.