ಖಾನಾಪುರದ ಸಸಿಮಡಿಯಿಂದ

ಬೆಳಗಾವಿ
ಸೋಮವಾರ

ಪ್ರೀತಿಯ ಅಕ್ಕ,

ಖಾನಾಪುರದಲ್ಲಿ ಭಾವನ ಸೋದರತ್ತೆಯನ್ನು ನೋಡಿಕೊಂಡು ನಿನ್ನೆ ರಾತ್ರಿ ಬೆಳಗಾವಿಗೆ ಬಂದೆ. ಆರೋಗ್ಯವಾಗಿದ್ದಾರೆ. ಮೆಣಸಿನ ಸಸಿಗಳಿಗೆ ತೆಂಗಿನಕಾಯಿ ನೀರು ಹಾಕಿ ಪರೀಕ್ಷೆ ಮಾಡುತ್ತಿದ್ದಾರೆ! ನಮ್ಮ ತಿಪಟೂರಿನಲ್ಲಿ ಉಂಡೆ ಕೊಬ್ಬರಿಗೆಂದು ಕಾಯಿಯನ್ನು ಅಟ್ಟದ ಮೇಲಿಟ್ಟು, ನೀರು ಒಳಗೇ ಇಂಗಲಿ ಎಂದು ತಿಂಗಳುಗಟ್ಟಲೆ ಕಾಯುತ್ತೇವಲ್ಲ, ಇವರು ಗುಡಿಯಲ್ಲಿ ಕಾಯಿ ಒಡೆಸುವವರ ಹತ್ತಿರ ಹೋಗಿ ಆ ನೀರನ್ನೇ ಕೇಳಿ ಹಿಡಿದು ತರುತ್ತಾರೆ.

ಬೆಳಗಾವಿಯಿಂದ ಖಾನಾಪುರಕ್ಕೆ ಸುಮಾರು 25 ಕಿ.ಮೀ. ಊರು ಹತ್ತಿರವಾದಂತೆ ಕೆಂಪು ಮಣ್ಣು, ಇಟ್ಟಿಗೆ ಭಟ್ಟಿಗಳು. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಊರ ಪಕ್ಕದಲ್ಲೇ ಹರಿಯುತ್ತಾಳೆ. ಕುಂಬಾರಿಕೆ ಕಲಿಸುವ ಸಂಸ್ಥೆಯೂ ಅಲ್ಲಿದೆ. ಅತ್ತೆಯ ಹಿತ್ತಿಲಲ್ಲಿರುವುದೂ ಮಣ್ಣಿನ ಕುಂಡಗಳೇ. ಎಲ್ಲವೂ ಒಂದೇ ಅಳತೆಯವು, ಏಕೆಂದರೆ ಚಿಕ್ಕ ಕುಂಡ ಬೇಗ ಒಣಗಿ ಲೆಕ್ಕ ತಪ್ಪಿಸುತ್ತದೆ.

ಮೂರು ಸಾಲು ಮಾಡಿದ್ದಾರೆ. ಬೀಜ, ಮಣ್ಣು, ಬಿಸಿಲು ಮೂರಕ್ಕೂ ಒಂದೇ. ಮೊದಲನೆಯದಕ್ಕೆ ಬರೀ ಬಾವಿ ನೀರು, ಎರಡನೆಯದಕ್ಕೆ ಒಂದು ಪಾಲು ಕಾಯಿ ನೀರಿಗೆ ಹತ್ತು ಪಾಲು ಬಾವಿ ನೀರು, ಮೂರನೆಯದಕ್ಕೆ ಬೆರಕೆಯಿಲ್ಲದ ಕಾಯಿ ನೀರು. ಎತ್ತರ ಅಳೆಯುವವಳು ಮೊಮ್ಮಗಳು. ಯಾವ ಸಾಲಿಗೆ ಏನು ಹಾಕಿದೆ ಎಂಬುದನ್ನು ಅವಳಿಗೆ ಹೇಳಿಲ್ಲ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇದು. ನಮ್ಮ ಆಸೆ ಕಣ್ಣಿಗೆ ಬಂದು ಕೂತರೆ ಕುಂಟು ಸಸಿಯೂ ಎತ್ತರ ಕಾಣುತ್ತದೆ.

ಮೂರನೆಯ ಸಾಲಿಗೆ ಇರುವೆ ಮುತ್ತಿವೆ, ಮಣ್ಣಿನ ಮೇಲೆ ಬಿಳಿ ಬೂಷ್ಟು ಹಿಡಿದಿದೆ. ಸಕ್ಕರೆಯಂಶವಿರುವ ನೀರಿಗೆ ಅದು ಸಹಜವೇ. ಎರಡನೆಯ ಸಾಲಿನ ಎಲೆ ಕೊಂಚ ಗಾಢ ಹಸಿರು, ಎತ್ತರದಲ್ಲಿ ಮಾತ್ರ ಮೊದಲನೆಯದಕ್ಕೂ ಅದಕ್ಕೂ ಹೇಳುವಂಥ ವ್ಯತ್ಯಾಸವಿಲ್ಲ. ಅತ್ತೆ ಇದನ್ನು ಇದ್ದ ಹಾಗೆಯೇ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಾರೆ.

ಈ ಕಾಯಿ ನೀರಿನಲ್ಲಿ ಸತ್ವವಿರುವುದಂತೂ ನಿಜ. ಕಾಯಿಯೊಳಗಿನ ಮೊಳಕೆಗೆಂದೇ ಕೂಡಿಟ್ಟ ಆಹಾರವಲ್ಲವೇ ಅದು? 1941ರಲ್ಲಿ ಸಸ್ಯವಿಜ್ಞಾನಿ ವಾನ್ ಓವರ್‌ಬೀಕ್ ಮತ್ತು ಸಂಗಡಿಗರು ದತ್ತೂರಿಯ ಎಳೆ ಭ್ರೂಣಗಳನ್ನು ಗಾಜಿನ ಪಾತ್ರೆಯಲ್ಲಿ ಈ ನೀರಿನಿಂದಲೇ ಬೆಳೆಸಿದರು. ಮುಂದೆ ಅಮೆರಿಕದಲ್ಲಿ ಸ್ಟೀವರ್ಡ್ ಎಂಬ ವಿಜ್ಞಾನಿ ಅದನ್ನೇ ಗಜ್ಜರಿಯ ತುಣುಕುಗಳಿಗೆ ಹಾಕಿ, ಜೀವಕೋಶಗಳು ಭರದಿಂದ ಹೆಚ್ಚುವುದನ್ನು ತೋರಿಸಿದರು. ಕೋಶ ವಿಭಜನೆಗೆ ಒತ್ತು ಕೊಡುವ ಸೈಟೊಕೈನಿನ್ ಎಂಬ ಹಾರ್ಮೋನುಗಳು ಅದರಲ್ಲಿರುವುದು ಆಮೇಲೆ ಗೊತ್ತಾಯಿತು. ಆದರೆ ಅದೆಲ್ಲ ಸೂಕ್ಷ್ಮಜೀವಿಗಳೇ ಇಲ್ಲದ ಗಾಜಿನೊಳಗೆ ನಡೆದದ್ದು. ಹಿತ್ತಿಲ ಮಣ್ಣಿನಲ್ಲಿ ಬೇರಿಗಿಂತ ಮೊದಲು ಆ ಸಕ್ಕರೆಗೆ ಬಾಯಿ ಹಾಕುವವರು ಕೋಟಿಗಟ್ಟಲೆ ಇದ್ದಾರೆ. ಗಿಡಕ್ಕೆ ಖಂಡಿತ ದಕ್ಕುವುದು ಪೊಟ್ಯಾಸಿಯಂ ಎಂದು ನನಗನ್ನಿಸುತ್ತದೆ, ಅದು ಇದರಲ್ಲಿ ಧಾರಾಳ. ಸಾರಜನಕ ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ಕೊಟ್ಟಿಗೆ ಗೊಬ್ಬರ ನಿಲ್ಲಿಸುವಂತಿಲ್ಲ.

ನೀನೂ ಟೊಮೆಟೊ ಸಸಿಗಳಿಗೆ ಹಾಕಿ ನೋಡು. ನಿನ್ನಲ್ಲಿ ನಾಲ್ಕನೆಯ ಸಾಲೊಂದಿರಲಿ, ಅದಕ್ಕೆ ತೆಳು ಬೆಲ್ಲದ ನೀರು ಹಾಕು. ಕಾಯಿ ನೀರಿನ ಸಾಲೂ ಬೆಲ್ಲದ ಸಾಲೂ ಒಂದೇ ಥರ ಬೆಳೆದರೆ ಕೆಲಸ ಸಿಹಿಯದ್ದು ಎಂದಾಯಿತು. ಹಳಸಿದ ನೀರು ಬೇಡ, ಒಡೆದ ದಿನದ್ದೇ ಹಾಕು. ಅಳೆಯುವ ಕೆಲಸ ಭಾವನಿಗೆ ಒಪ್ಪಿಸು, ಯಾವ ಸಾಲು ಯಾವುದೆಂದು ಮಾತ್ರ ಹೇಳಬೇಡ. ಹೂ ಕಚ್ಚಿದಾಗ ನಾಲ್ಕೂ ಸಾಲಿನ ಲೆಕ್ಕ ಬರೆದು ಕಳಿಸು, ಅತ್ತೆಗೆ ತಲುಪಿಸುತ್ತೇನೆ.

ನಿನ್ನ ತಂಗಿ