ಓಡುತ್ತೆ ಬಿಡಿ ಸಾರ್

ನಮ್ಮನೆ ಕಂಪ್ಯೂಟರಿಗೆ ಹನ್ನೊಂದು ವರ್ಷ ತುಂಬಿದೆ. ಮಕ್ಕಳಾದರೆ ಆರನೇ ಕ್ಲಾಸು. ಕಂಪ್ಯೂಟರಿನ ಲೆಕ್ಕದಲ್ಲಿ ಷಷ್ಟ್ಯಬ್ದಿ, ಭೀಮರಥ ಶಾಂತಿ ಎರಡೂ ಮುಗಿದು ಸಹಸ್ರ ಚಂದ್ರ ದರ್ಶನಕ್ಕೆ ಪುರೋಹಿತರನ್ನು ಹುಡುಕುವ ವಯಸ್ಸು. ಗುಂಡಿ ಒತ್ತಿದ ತಕ್ಷಣ ಏಳುವ ಪೈಕಿ ಆಗಿರಲಿಲ್ಲ. ಗೊರ್ರ್ ಅನ್ನುತ್ತಿತ್ತು, ಸುಮ್ಮನಾಗುತ್ತಿತ್ತು, ಮತ್ತೆ ಗೊರ್ರ್ ಅನ್ನುತ್ತಿತ್ತು. ಅಷ್ಟರಲ್ಲಿ ನಾನು ಅಡುಗೆಮನೆಗೆ ಹೋಗಿ ಫಿಲ್ಟರಿನ ತಲೆಗೆ ಎರಡು ಸಲ ತಟ್ಟಿ, ಇಳಿದಷ್ಟು ಡಿಕಾಕ್ಷನ್ನಿನಲ್ಲಿ ಕಾಫಿ ಬೆರೆಸಿಕೊಂಡು ಬಂದಿರುತ್ತಿದ್ದೆ.

ಇದನ್ನು ಕೊಂಡದ್ದು 2014ರ ದೀಪಾವಳಿಗೆ, ‘ಮಗನ ಓದಿಗೆ’ ಅಂತ. ಮಗನಿಗೆ ಆಗ ಎರಡೂವರೆ ವರ್ಷ. ಅಆಇಈ ಕಲಿಯೋಕೆ ಗ್ರಾಫಿಕ್ಸ್ ಕಾರ್ಡ್ ಯಾಕೆ ಅಂತ ನನ್ನಾಕೆ ಅವತ್ತೇ ಕೇಳಿದ್ದಳು. ಆ ಪ್ರಶ್ನೆಗೆ ಉತ್ತರ ಇನ್ನೂ ಬಾಕಿ ಇದೆ. ನಿಮ್ಮ ಹತ್ತಿರ ಮುಚ್ಚುಮರೆ ಯಾಕೆ? ಆಟ ಆಡುವವನು ನಾನೇ. ಆಟದ ಹೆಸರು ‘ಯೂರೋ ಟ್ರಕ್ ಸಿಮ್ಯುಲೇಟರ್ 2’. ಪ್ರಾಗ್ ಊರಿನ ಕಂಪನಿಯೊಂದು 2012ರಲ್ಲಿ ತಂದದ್ದು. ಬಂದೂಕಿಲ್ಲ, ಕತ್ತಿಯಿಲ್ಲ, ರಾಕ್ಷಸರಿಲ್ಲ. ಜರ್ಮನಿಯಲ್ಲಿ ಲಾರಿಗೆ ಸರಕು ತುಂಬಿಸಿಕೊಂಡು ಇಟಲಿಯಲ್ಲಿ ಇಳಿಸಿ ಬರುವುದು, ಅಷ್ಟೇ. ಇದೂ ಒಂದು ಆಟವೇ ಅನ್ನುತ್ತೀರಾ? ಸಿಲ್ಕ್ ಬೋರ್ಡಿನಲ್ಲಿ ಮುಕ್ಕಾಲು ಗಂಟೆ ಫಸ್ಟ್ ಗೇರಿನಲ್ಲಿ ಬೆಂದು ಮನೆಗೆ ಬಂದವನನ್ನು ಕೇಳಿ, ಖಾಲಿ ರಸ್ತೆಯಲ್ಲಿ ಟಾಪ್ ಗೇರ್ ಹಾಕುವುದು ಎಂಥ ಸುಖ ಅಂತ.

ಕಷ್ಟ ಶುರುವಾದದ್ದು ಸ್ಪೇನ್, ಪೋರ್ಚುಗಲ್ಲಿನ ರಸ್ತೆಗಳಿರುವ ಹೊಸ ನಕ್ಷೆ 2021ರಲ್ಲಿ ಬಂದ ಮೇಲೆ. ದೊಡ್ಡ ಊರು ಹತ್ತಿರವಾದರೆ ಸಾಕು, ನನ್ನ ಲಾರಿ ಮಲೇರಿಯಾ ಬಂದವರ ಹಾಗೆ ನಡುಗುತ್ತಿತ್ತು. ಭಾರ ಇಳಿಸಲು ಸೆಟ್ಟಿಂಗ್ಸಿಗೆ ಹೋಗಿ ಮೊದಲು ನೆರಳು ತೆಗೆದೆ, ಆಮೇಲೆ ಹುಲ್ಲು ತೆಗೆದೆ, ಕೊನೆಗೆ ಕನ್ನಡಿಗಳನ್ನೂ ಮಂಕು ಮಾಡಿದೆ. ಅಷ್ಟೆಲ್ಲ ಮಾಡಿದ ಮೇಲೆ ಸ್ಪೇನು ಥೇಟ್ ಏಪ್ರಿಲ್ ತಿಂಗಳ ಚಳ್ಳಕೆರೆ. ಚಳ್ಳಕೆರೆಯವರು ಬೇಜಾರು ಮಾಡಿಕೊಳ್ಳಬಾರದು, ನನ್ನ ಸೋದರತ್ತೆಯ ಊರೂ ಅದೇ.

ಹಾಗಾದರೆ ಹೊಸದು ಕೊಳ್ಳಬಹುದಿತ್ತಲ್ಲ? ಕೊಳ್ಳಬಹುದಿತ್ತು. ಆದರೆ ನಮ್ಮ ಮನೆತನಕ್ಕೆ ಹೊಸದು ಕೊಳ್ಳುವ ಚಟವಿಲ್ಲ, ಹಳೆಯದರ ಮೇಲೆ ಹೊಸದರಷ್ಟೇ ಖರ್ಚು ಮಾಡುವ ಚಟವಿದೆ. ನಮ್ಮಪ್ಪನದೊಂದು ಬಜಾಜ್ ಚೇತಕ್ ಇತ್ತು. ದಿನಾ ಬೆಳಿಗ್ಗೆ ಅದನ್ನು ಪಕ್ಕಕ್ಕೆ ವಾಲಿಸಿ, ಏನೋ ಗುಟ್ಟು ಹೇಳುವವರ ಹಾಗೆ ಬಗ್ಗಿ, ಆಮೇಲೆ ಒದೆಯುತ್ತಿದ್ದರು. ಒಂದು ಶನಿವಾರ ಕ್ಲಚ್ ಕೇಬಲ್ ತರಲು ಜೆ.ಸಿ. ರಸ್ತೆಗೆ ಹೋದವರು ಕೇಬಲ್ ಜೊತೆ ಹೆಡ್‌ಲೈಟು, ಎರಡು ರಬ್ಬರ್ ಬುಷ್, ಒಂದು ಸ್ಟೆಪ್ನಿ ಕವರು ತಂದರು. ಮಾರನೇ ದಿನ ಅಂಗಳದಲ್ಲಿ ಹಳೇ ಪಂಚೆ ಹಾಸಿ ಸ್ಕೂಟರನ್ನು ಬಿಚ್ಚಿ ಕೂತರು. ಸಂಜೆ ಜೋಡಿಸಿದ ಮೇಲೆ ಮೂರು ಸ್ಕ್ರೂ ಉಳಿದವು. ಅವನ್ನು ವೀಳ್ಯದೆಲೆ ಡಬ್ಬಿಯಲ್ಲಿ ಹಾಕಿಟ್ಟರು. ಸ್ಕೂಟರು ಓಡಿತು, ಅದು ಬೇರೆ ಮಾತು.

ಅಪ್ಪನಿಗೆ ಜೆ.ಸಿ. ರಸ್ತೆಯಾದರೆ ನನಗೆ ಅಲ್ಲೇ ಪಕ್ಕದ ಎಸ್.ಪಿ. ರಸ್ತೆ. ಎಸ್.ಪಿ. ಅಂದರೆ ಸ್ಪೇರ್ ಪಾರ್ಟ್ಸ್ ಅಂತಲೇ ಎಷ್ಟೋ ವರ್ಷ ನಂಬಿದ್ದೆ. ಸಾದರ ಪತ್ರಪ್ಪ ಅಂತ ಗೊತ್ತಾದ ದಿನ ಮನಸ್ಸಿನಲ್ಲೇ ಅವರಿಗೊಂದು ಕೈ ಮುಗಿದೆ. ಕ್ಯಾಬಿನೆಟ್ಟನ್ನು ಆಟೋದಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು, ಬಾಣಂತಿ ಮನೆಗೆ ಕೂಸು ಕರೆತಂದ ಹಾಗೆ ಅಲ್ಲಿಗೆ ಹೋದೆ. ಜೇಬಿನಲ್ಲಿ ಹತ್ತು ಸಾವಿರ, ಒಂದು ಪೈಸೆ ಜಾಸ್ತಿ ಇಲ್ಲ ಅಂತ ಸಂಕಲ್ಪ.

ಅಂಗಡಿಯೋ, ಇಬ್ಬರು ನಿಂತರೆ ಮೂರನೆಯವನು ಉಸಿರು ಬಿಗಿಹಿಡಿಯಬೇಕು. ಹುಡುಗ ಪಕ್ಕದ ತಗಡು ತೆಗೆದು ಒಳಗೆ ಟಾರ್ಚ್ ಬಿಟ್ಟ. ಫ್ಯಾನಿನ ರೆಕ್ಕೆಗಳ ಮೇಲೆ ದೂಳು ದಿಂಬಿನ ಹತ್ತಿಯ ಹಾಗೆ ಕೂತಿತ್ತು. ಅದರ ನಡುವೆ ಒಣಗಿದ ಸೇವಂತಿಗೆ ಎಸಳುಗಳು, ನಾಲ್ಕು ಅಕ್ಷತೆ ಕಾಳು, ಮದರ್‌ಬೋರ್ಡಿನ ಒಂದು ಮೂಲೆಗೆ ತೆಳುವಾಗಿ ಕುಂಕುಮ. ‘ಆಯುಧಪೂಜೆ ಗ್ರ್ಯಾಂಡಾಗಿ ಮಾಡ್ತೀರ ಸಾರ್’ ಅಂದ. ಪ್ರೊಸೆಸರಿನ ಮೇಲಿನ ಪೇಸ್ಟು ಹಳೇ ಗೋಡೆಯ ಸುಣ್ಣದಂತೆ ಉದುರಿತು. ಒರೆಸಿ, ಬಟಾಣಿ ಕಾಳಿನಷ್ಟು ಹೊಸದು ಇಟ್ಟ.

ಅಂಗಡಿಯವರು ಹಿರಿಯರು. ‘ಪ್ರೊಸೆಸರ್ ನಾಲ್ಕನೇ ಜನರೇಷನ್ನು. ಕಾರ್ಡ್ ಎಂಥದ್ದೇ ಹಾಕಿದ್ರೂ ಬಾಟಲ್‌ನೆಕ್ ಆಗುತ್ತೆ ಸಾರ್’ ಅಂದರು. ಅಂದರೆ ಫ್ಲೈಓವರ್ ಎಷ್ಟೇ ಅಗಲವಾಗಿದ್ದರೂ ಇಳಿಯುವಲ್ಲಿ ಒಂದೇ ಲೇನ್. ಸರಿ, ಪ್ರೊಸೆಸರ್ ಬದಲಿಸಿ ಅಂದೆ. ಅದಕ್ಕೆ ಬೇರೆ ಬೋರ್ಡು ಬೇಕಂತೆ. ಬೋರ್ಡು ಬದಲಿಸಿದರೆ ನನ್ನ ಡಿಡಿಆರ್3 ರ‍್ಯಾಮು ಅದರ ಸ್ಲಾಟಿಗೆ ಕೂರುವುದಿಲ್ಲ, ಕಚ್ಚು ಇರುವ ಜಾಗವೇ ಬೇರೆ. ಸನ್ಯಾಸಿಯ ಕತೆ ನಿಮಗೆ ಗೊತ್ತಲ್ಲ? ಕೌಪೀನ ಕಡಿಯುವ ಇಲಿಗೆ ಬೆಕ್ಕು, ಬೆಕ್ಕಿನ ಹಾಲಿಗೆ ಹಸು, ಹಸು ನೋಡಿಕೊಳ್ಳಲು ಹೆಂಡತಿ. ನಾನು ಬೆಕ್ಕಿನ ಹಂತದಲ್ಲೇ ಕೈ ಮುಗಿದೆ. ವಿಂಡೋಸ್ 11 ಬೇರೆ ಎಂಟನೇ ಜನರೇಷನ್ನಿನಿಂದ ಈಚಿನವರಿಗೇ ಪಂಕ್ತಿ ಹಾಕಿ ಕೂತಿದೆ. ನಾಲ್ಕನೆಯವರು ಜಗಲಿಯಲ್ಲೇ ಇರಲಿ, ಕಾರ್ಡೊಂದು ಕೊಡಿ ಸಾಕು ಅಂದೆ.

ಸೆಕೆಂಡ್ ಹ್ಯಾಂಡ್ ಆರ್‌ಎಕ್ಸ್ 580 ಬಂತು. 2017ರ ಮಾಲು, 8 ಜಿಬಿ, ಆರೂವರೆ ಸಾವಿರ. ಇಂಥ ಕಾರ್ಡುಗಳನ್ನು ಹಗಲೂರಾತ್ರಿ ದುಡಿಸಿ ಇಥೀರಿಯಂ ನಾಣ್ಯ ಅಗೆಯುತ್ತಿದ್ದ ಕಾಲವೊಂದಿತ್ತು. 2022ರ ಸೆಪ್ಟೆಂಬರಿನಲ್ಲಿ ಆ ಗಣಿ ಮುಚ್ಚಿ ಕಾರ್ಡುಗಳೆಲ್ಲ ಸಂತೆಗೆ ಬಂದವು. ಇದು ಗಣಿಯಿಂದ ಬಂದದ್ದಲ್ಲ ತಾನೇ ಅಂತ ಕೇಳಿದೆ. ‘ಛೆ, ಕಾಲೇಜ್ ಹುಡುಗ ಸಾರ್, ಪರೀಕ್ಷೆ ಬಂತು ಅಂತ ಮಾರಿದ.’ ಸೆಕೆಂಡ್ ಹ್ಯಾಂಡ್ ಕಾರುಗಳನ್ನೆಲ್ಲ ಡಾಕ್ಟರುಗಳೇ ಓಡಿಸಿರುತ್ತಾರೆ, ಕಾರ್ಡುಗಳನ್ನೆಲ್ಲ ಪರೀಕ್ಷೆಗೆ ಕೂರುವ ಹುಡುಗರೇ ಮಾರಿರುತ್ತಾರೆ. ನಂಬಿದೆ. ಕಂಪ್ಯೂಟರಿಗೆ ಕರೆಂಟ್ ಹಂಚುವ ನನ್ನ ಹಳೇ ಎಸ್‌ಎಂಪಿಎಸ್ ಇದನ್ನು ತಡೆಯುತ್ತಾ ಅಂದದ್ದಕ್ಕೆ, ಕನ್ವರ್ಟರ್ ಕೇಬಲ್ ಸಿಕ್ಕಿಸುತ್ತಾ ಹುಡುಗ ಅಂದ: ‘ಓಡುತ್ತೆ ಬಿಡಿ ಸಾರ್.’

ಓಡಿತು. ಆಲ್ಪ್ಸ್ ಘಾಟಿಯವರೆಗೆ. ಹುಲ್ಲು, ನೆರಳು, ಕನ್ನಡಿ ಎಲ್ಲ ವಾಪಸ್ ಹಾಕಿಕೊಂಡು, ಗಾಜಿನ ಮೇಲೆ ಮಳೆಹನಿ ಜಾರುವುದನ್ನು ನೋಡುತ್ತಾ ಮೂರನೇ ತಿರುವಿಗೆ ಬಂದಿದ್ದೆ. ಟಪ್. ಪರದೆ ಕಪ್ಪು. ಮನೆಯ ಫ್ಯಾನ್ ಮಾತ್ರ ತಿರುಗುತ್ತಿದೆ, ಅಂದರೆ ಕರೆಂಟ್ ಹೋಗಿಲ್ಲ. ನನ್ನ ಹಳೇ 750 ಟಿಐ ಕಾರ್ಡು ಬರೀ 60 ವ್ಯಾಟ್ ತಿಂದು, ಬೋರ್ಡು ಬಡಿಸಿದ್ದನ್ನೇ ಪ್ರಸಾದ ಅಂತ ಉಂಡು ಇದ್ದ ಸಾಧು ಪ್ರಾಣಿ. ಈ ಹೊಸ ಅಳಿಯನಿಗೆ 185 ವ್ಯಾಟ್ ಬೇಕು, ಅದೂ ಪ್ರತ್ಯೇಕ ಎಲೆಯಲ್ಲಿ. ಮೂಗಿಗಿಂತ ಮೂಗುತಿ ಭಾರ ಅನ್ನುವುದು ಇದಕ್ಕೇ.

ಮತ್ತೆ ಆಟೋ, ಮತ್ತೆ ತೊಡೆ, ಮತ್ತೆ ಪತ್ರಪ್ಪನವರ ರಸ್ತೆ. ಈ ಸಲ ಹಿರಿಯರು ನನ್ನ ಹಳೇ ಎಸ್‌ಎಂಪಿಎಸ್ ಬಿಚ್ಚಿ ಒಂದು ಕೈಗೆ ಕೊಟ್ಟರು, ಹೊಸದನ್ನು ಇನ್ನೊಂದು ಕೈಗೆ. ‘ತೂಕ ನೋಡಿ.’ ನೋಡಿದೆ. ಹಳೆಯದರ ಸ್ಟಿಕ್ಕರಿನಲ್ಲಿ 450 ವ್ಯಾಟ್ ಅಂತಿತ್ತು, ಕೈಗೆ ಮಾತ್ರ ನೀರು ಬತ್ತಿದ ತೆಂಗಿನಕಾಯಿ. ಹೊಸದಕ್ಕೆ ಮೂರು ಸಾವಿರದ ಒಂಬೈನೂರು. ಹೇಗೂ ಬಂದಿದ್ದೇನೆ ಅಂತ ಎರಡು ಸಾವಿರದ ಎಂಟುನೂರಕ್ಕೆ ಎಸ್‌ಎಸ್‌ಡಿ, ಒಂಬೈನೂರಕ್ಕೆ ಹಳೇ ರ‍್ಯಾಮು. ಪೇಸ್ಟಿನ ಇನ್ನೂರೈವತ್ತು ಸೇರಿಸಿ ಕೂಡಿಸಿಕೊಳ್ಳಿ, 14,350. ನನ್ನಾಕೆಗೆ ಹತ್ತು ಅಂತಲೇ ಹೇಳಿದ್ದೇನೆ. ಚೇತಕ್ಕಿನ ಲೆಕ್ಕವನ್ನು ನಮ್ಮಪ್ಪನೂ ಅಮ್ಮನಿಗೆ ಹೀಗೇ ಒಪ್ಪಿಸುತ್ತಿದ್ದದ್ದು.

ಈಗ ಗುಂಡಿ ಒತ್ತಿ ಕನ್ನಡಕ ಹಾಕಿಕೊಳ್ಳುವುದರೊಳಗೆ ಕಂಪ್ಯೂಟರ್ ಎದ್ದು ಕೂತಿರುತ್ತದೆ. ಡಿಕಾಕ್ಷನ್ ಇನ್ನೂ ಅರ್ಧವೂ ಇಳಿದಿರುವುದಿಲ್ಲ. ಆ ಫಿಲ್ಟರು ಅಜ್ಜಿಯ ಕಾಲದ್ದು, ಅದಕ್ಕೆ ಯಾವ ಎಸ್‌ಎಸ್‌ಡಿ ಹಾಕೋಣ ಹೇಳಿ?

ಹೋದ ಆಯುಧಪೂಜೆಯ ದಿನ ಕ್ಯಾಬಿನೆಟ್ಟಿನ ಮುಂದೆ ನಿಂತು, ಕುಂಕುಮ ಫ್ಯಾನಿನ ಕಿಂಡಿಗೆ ಬೀಳದ ಹಾಗೆ ಹಚ್ಚು ಅಂತ ನನ್ನಾಕೆಗೆ ಎರಡೆರಡು ಸಲ ಹೇಳಿದೆ. ಅವಳು ನೆತ್ತಿಗೊಂದು ಸೇವಂತಿಗೆ ಇಟ್ಟು, ತಟ್ಟೆಯಲ್ಲಿದ್ದ ನಿಂಬೆಹಣ್ಣು ಎತ್ತಿಕೊಂಡು ನನ್ನನ್ನೇ ನೋಡಿದಳು. ‘ರೀ, ಲಾರಿ ಓಡಿಸ್ತೀರಲ್ಲ, ಇದನ್ನ ಯಾವ ಚಕ್ರದ ಕೆಳಗಿಡ್ಲಿ?’

ಮಗ ಮೌಸನ್ನು ಮೆಲ್ಲಗೆ ಮುಂದೆ ತಳ್ಳಿದ.